ಮಾಸ್ತರರು ಹೇಳುವ ಪಾಠ, ಮಕ್ಕಳೇ ನಡೆಸುವ ಕಲಿಕೆ: ಯಾವುದು, ಯಾವಾಗ, ಯಾವ ಮಗುವಿಗೆ?

ಶಿಕ್ಷಕರು ಮುಂದೆ ನಿಂತು ಕಲಿಸಬೇಕೋ, ಮಕ್ಕಳು ತಾವೇ ಮಾಡಿ ಕಲಿಯಬೇಕೋ? ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಶಾಲೆಗಳಲ್ಲಿ ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ತರಬೇತಿಗೆ ಹೋದರೆ ಸಂಪನ್ಮೂಲ ವ್ಯಕ್ತಿಗಳು "ನೀವು ಕಡಿಮೆ ಮಾತನಾಡಿ, ಮಕ್ಕಳಿಗೆ ಬಿಡಿ" ಎನ್ನುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದರೆ ಪಾಲಕರು "ಮಕ್ಕಳು ದಿನವೆಲ್ಲ ಕಾರ್ಡು ಹಿಡಿದುಕೊಂಡು ಕೂತಿರುತ್ತಾರೆ, ನೀವು ಪಾಠ ಹೇಳುವುದು ಯಾವಾಗ?" ಎಂದು ಕೇಳುತ್ತಾರೆ. ಇಬ್ಬರೂ ಮಕ್ಕಳ ಒಳಿತನ್ನೇ ಬಯಸುತ್ತಾರೆ, ಇಬ್ಬರ ಮಾತಿನಲ್ಲೂ ಹುರುಳಿದೆ.

ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕಲಿಸುವವಳು. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು, ಅತಿಥಿ ಶಿಕ್ಷಕರು, ಮಗುವಿಗೆ ಶಾಲೆ ಹುಡುಕುತ್ತಿರುವ ಪಾಲಕರು ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡು ವಿಧಾನಗಳನ್ನು ತೂಗಿ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹೀಗೆ ಮಾಡಿದರೆ ಯಾವ ಮಗು ಹಿಂದೆ ಬೀಳುತ್ತದೆ? ಮಾಸ್ತರರೇ ಮಾತನಾಡುತ್ತ ಹೋದರೆ ಹಿಂದಿನ ಸಾಲಿನ ಮಗು, ತಿಂಗಳುಗಟ್ಟಲೆ ಶಾಲೆ ತಪ್ಪಿಸಿ ಬಂದ ಮಗು ಬಿದ್ದುಹೋಗುತ್ತದೆ. ಎಲ್ಲವನ್ನೂ ಮಕ್ಕಳಿಗೇ ಬಿಟ್ಟರೆ ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗು ಬಿದ್ದುಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬಹಳ ಸಲ ಇವೆರಡೂ ಒಂದೇ ಮಗು.

ಆದ್ದರಿಂದ ಪ್ರಶ್ನೆಯನ್ನು ಇಡಿಯಾಗಿ ಹಿಡಿಯುವುದಕ್ಕಿಂತ ಬಿಡಿಸಿ ನೋಡುವುದು ಮೇಲು. ಒಂದು ಪಾಠದೊಳಗೆ ಹಲವು ಕೆಲಸಗಳಿವೆ. ಹೊಸ ವಿಷಯವನ್ನು ವಿವರಿಸುವವರು ಯಾರು? ಮುಂದಕ್ಕೆ ಹೋಗುವ ವೇಗವನ್ನು ನಿಶ್ಚಯಿಸುವವರು ಯಾರು? ಕೈಯಾರೆ ಮಾಡುವವರು ಯಾರು? ಪ್ರಶ್ನೆ ಕೇಳುವವರು ಯಾರು? ನನ್ನ ಅಭಿಪ್ರಾಯ ಖಚಿತವಾಗಿದೆ: ವಿವರಣೆ ಶಿಕ್ಷಕರದಾಗಿರಲಿ, ವೇಗ ಮಗುವಿನದಾಗಿರಲಿ. ಉಳಿದದ್ದನ್ನು ವಿಷಯ ಮತ್ತು ತರಗತಿ ನೋಡಿ ಹಂಚಿಕೊಳ್ಳಬಹುದು.

ಸಂತೆಯಲ್ಲಿ 322, ಪಾಟಿಯ ಮೇಲೆ 478

ಶಾಲೆಯಲ್ಲಿ ಮಕ್ಕಳ ಸಂತೆ ನಡೆಸಿದ್ದೆವು. ಪುಂಡಿ ಪಲ್ಯ, ಮೆಂತ್ಯ, ಹಸಿಮೆಣಸಿನಕಾಯಿ, ಮಂಡಕ್ಕಿ ಇಟ್ಟುಕೊಂಡು ಮಕ್ಕಳೇ ವ್ಯಾಪಾರಕ್ಕೆ ಕೂತಿದ್ದರು. ಊರವರೊಬ್ಬರು 178 ರೂಪಾಯಿಯ ಸಾಮಾನು ಕೊಂಡು 500ರ ನೋಟು ಕೊಟ್ಟರು. ಐದನೇ ತರಗತಿಯ ಹುಡುಗಿ ಕಾಗದ ಕೇಳಲಿಲ್ಲ. ಎರಡು ಇಟ್ಟರೆ ನೂರಾ ಎಂಬತ್ತು, ಇಪ್ಪತ್ತು ಇಟ್ಟರೆ ಇನ್ನೂರು, ಮುನ್ನೂರು ಇಟ್ಟರೆ ಐನೂರು ಎನ್ನುತ್ತ 322 ರೂಪಾಯಿ ಎಣಿಸಿ ಕೈಗಿಟ್ಟಳು. ಮರುದಿನ ಅದೇ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಕೆಳಗೆ ಮೇಲೆ ಬರೆದು ಕೊಟ್ಟೆ. ಪಾಟಿಯ ಮೇಲೆ ಅವಳು ಬರೆದ ಉತ್ತರ 478. ಸೊನ್ನೆಯಲ್ಲಿ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟನ್ನೇ ಇಳಿಸಿದ್ದಳು. ಏಳನ್ನೂ ಹಾಗೆಯೇ ಇಳಿಸಿದ್ದಳು. ಐದರಲ್ಲಿ ಒಂದು ಕಳೆದು ನಾಲ್ಕು ಬರೆದಿದ್ದಳು.

ಈಗ ಎರಡೂ ವಿಧಾನಗಳನ್ನು ಇದರ ಮೇಲೆ ಹಚ್ಚಿ ನೋಡಿ. ಗುಂಪಿನಲ್ಲಿ ಕೂರಿಸಿ "ನೀವೇ ಚರ್ಚಿಸಿ ಕಂಡುಹಿಡಿಯಿರಿ" ಎಂದು ಬಿಟ್ಟರೆ ಗುಂಪು 478ಕ್ಕೇ ಒಪ್ಪುವ ಸಾಧ್ಯತೆ ಹೆಚ್ಚು, ಏಕೆಂದರೆ ಐವರಲ್ಲಿ ಮೂವರು ಅದೇ ರೀತಿ ಕಳೆದಿರುತ್ತಾರೆ, ಗಟ್ಟಿ ದನಿಯವರ ಉತ್ತರ ಗೆಲ್ಲುತ್ತದೆ. ನಾನೇ ಹಲಗೆಯ ಮುಂದೆ ನಿಂತು "ಪಕ್ಕದ ಮನೆಯಿಂದ ಒಂದು ತೆಗೆದುಕೊ" ಎಂದು ಹೇಳಿ ಮುಗಿಸಿದರೆ ಅವಳು ಅದನ್ನು ನೋಡಿಕೊಂಡು ಬರೆಯುತ್ತಾಳೆ. ಪಕ್ಕದ ಮನೆಯಲ್ಲೂ ಸೊನ್ನೆ ಇದ್ದಾಗ ಮತ್ತೆ ನಿಂತುಬಿಡುತ್ತಾಳೆ. ಸಂತೆಯಲ್ಲಿ ತಾನೇ ಮಾಡಿದ ಲೆಕ್ಕಕ್ಕೂ ಹಲಗೆಯ ಲೆಕ್ಕಕ್ಕೂ ನಂಟು ಕಾಣುವುದೇ ಇಲ್ಲ.

ಫಲ ಕೊಟ್ಟದ್ದು ಬೇರೆಯೇ ಕ್ರಮ. ಮೊದಲು ಸಂತೆಯಲ್ಲಿ ಹೇಗೆ ಚಿಲ್ಲರೆ ಕೊಟ್ಟೆ ಎಂದು ಅವಳಿಂದಲೇ ಹೇಳಿಸಿದೆ. ನಂತರ ಕಡ್ಡಿಗಳ ಕಟ್ಟು ಬಿಚ್ಚಿದೆ: ಐದು ನೂರರ ಕಟ್ಟಿನಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಹತ್ತರ ಕಟ್ಟುಗಳು, ಅದರಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ ಕಡ್ಡಿಗಳು. ಈಗ ನಾಲ್ಕು ನೂರು, ಒಂಬತ್ತು ಹತ್ತು, ಹತ್ತು ಬಿಡಿ. ಇದನ್ನು ಹೇಳಿದವಳು ನಾನು, ಮಕ್ಕಳು ಕಂಡುಹಿಡಿಯಲಿ ಎಂದು ಕಾಯಲಿಲ್ಲ. ಹಲಗೆಯ ಮೇಲೆ ಎರಡು ಲೆಕ್ಕ ಪೂರ್ತಿ ಬಿಡಿಸಿ ತೋರಿಸಿದೆ, ಮೂರನೆಯದನ್ನು ಅರ್ಧ ಬಿಡಿಸಿ ಉಳಿದರ್ಧ ಅವರಿಗೆ ಬಿಟ್ಟೆ, ನಾಲ್ಕನೆಯದು ಪೂರ್ತಿ ಅವರದೇ. ಆಮೇಲೆ ಒಬ್ಬರಿಗೊಬ್ಬರು ಲೆಕ್ಕ ಹಾಕಿಕೊಡಲು ಹೇಳಿದೆ. ಅಷ್ಟರಲ್ಲಿ ನಾನು 478 ಬರೆಯುತ್ತಿದ್ದವರ ಪಕ್ಕದಲ್ಲಿ ಹೋಗಿ ಕೂತೆ. ಶಿಕ್ಷಕರ ಪಾಠದಿಂದ ಮಕ್ಕಳ ಕಲಿಕೆಗೆ ದಾಟುವುದು ಎಂದರೆ ಇದೇ. ಒಂದೇ ಪಾಠದೊಳಗೆ, ಕೆಲವೊಮ್ಮೆ ಒಂದೇ ಅವಧಿಯೊಳಗೆ ಅದು ನಡೆಯುತ್ತದೆ.

ಸಂಶೋಧನೆ ಹೇಳುವುದೇನು

ಎರಡೂ ಪಕ್ಷಕ್ಕೆ ಬಲವಾದ ಆಧಾರಗಳಿವೆ, ಆದರೆ ಯಾವ ವಯಸ್ಸಿನವರ ಮೇಲೆ ನಡೆದ ಅಧ್ಯಯನ ಎಂಬುದನ್ನು ನೋಡದೆ ಎತ್ತಿ ಹೇಳುವ ಅಭ್ಯಾಸ ನಮ್ಮಲ್ಲಿದೆ. 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಬರೆದ ಲೇಖನ ಶಿಕ್ಷಣ ವಲಯದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ವಿಷಯಕ್ಕೆ ಹೊಸಬರಾದವರನ್ನು ಮಾರ್ಗದರ್ಶನವಿಲ್ಲದೆ ಬಿಟ್ಟರೆ ಅವರು ಹುಡುಕಾಟದಲ್ಲೇ ದಣಿಯುತ್ತಾರೆ, ಕಲಿಯುವುದು ಕಡಿಮೆ ಎಂಬುದು ಅದರ ಸಾರ. ಮನಸ್ಸು ಒಂದೇ ಹೊತ್ತಿಗೆ ಕೆಲವೇ ಹೊಸ ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಏನು ಮಾಡಬೇಕೆಂದು ಹುಡುಕುವುದರಲ್ಲೇ ಆ ಶಕ್ತಿ ತೀರಿಹೋದರೆ ಕಲಿಯಲು ಉಳಿಯುವುದೇನು? ಬಿಡಿಸಿ ತೋರಿಸಿದ ಲೆಕ್ಕಗಳನ್ನು ನೋಡಿ ಕಲಿಯುವುದು ಹೊಸಬರಿಗೆ ಹೆಚ್ಚು ಉಪಯುಕ್ತ ಎಂದು ಸ್ವೆಲ್ಲರ್ ಅವರ ಪ್ರಯೋಗಗಳು ತೋರಿಸಿವೆ. ಅದೇ ಸಂಶೋಧನೆಯ ಮುಂದಿನ ಭಾಗವನ್ನು ಮರೆಯಬಾರದು: ಕಲಿತವರಿಗೆ ಅದೇ ಮಾರ್ಗದರ್ಶನ ಅಡ್ಡಿಯಾಗುತ್ತದೆ. ಲೆಕ್ಕ ಬಂದ ಮಗುವಿಗೆ ಮತ್ತೆ ಮತ್ತೆ ಬಿಡಿಸಿ ತೋರಿಸಿದರೆ ಅದರ ಕಲಿಕೆ ಕುಂಟುತ್ತದೆ.

ಇನ್ನೊಂದು ಪಕ್ಷಕ್ಕೆ ಬಲವಾದ ಸಾಕ್ಷಿ 2014ರಲ್ಲಿ ಬಂದ, 225 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಅನುತ್ತೀರ್ಣರಾಗುವ ಸಂಭವ, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳಿಗಿಂತ ಒಂದೂವರೆ ಪಟ್ಟು ಇತ್ತು. ಆದರೆ ಅವರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಓದುವ ಕಾಲೇಜು ವಿದ್ಯಾರ್ಥಿಗಳು. ಓದು ಬರಹ ಕೈಹತ್ತಿದವರು. ಅದನ್ನು ಕಾಗುಣಿತ ಕಲಿಯುತ್ತಿರುವ ಎರಡನೇ ತರಗತಿಗೆ ಹಾಗೆಯೇ ತಂದು ಹಚ್ಚಲು ಬರುವುದಿಲ್ಲ.

ನಲಿ-ಕಲಿಯನ್ನು ಸರಿಯಾಗಿ ನೋಡೋಣ

ನಮ್ಮ ರಾಜ್ಯದಲ್ಲಿ ಈ ಚರ್ಚೆಗೆ ಕಣ್ಣೆದುರಿನ ಉದಾಹರಣೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಅದು 2009-10ರಲ್ಲಿ ಬಂತು. ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಗುಂಪಾಗಿ ಕೂರುತ್ತಾರೆ, ಕಲಿಯಬೇಕಾದ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತಾರೆ.

ಹೊರಗಿನಿಂದ ನೋಡಿದ ಪಾಲಕರಿಗೆ ಇದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟಂತೆ ಕಾಣುತ್ತದೆ. ಒಳಗಿನ ವ್ಯವಸ್ಥೆ ಹಾಗಿಲ್ಲ. ಒಂದು ತಟ್ಟೆಯ (ನಲಿ-ಕಲಿಯಲ್ಲಿ ಗುಂಪಿಗೆ ಹೀಗೆನ್ನುತ್ತೇವೆ) ಮಕ್ಕಳಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಮತ್ತೊಂದರಲ್ಲಿ ಸಹಪಾಠಿಗಳ ಬೆಂಬಲ, ಕೊನೆಗೆ ಸ್ವಕಲಿಕೆ. ಹೊಸ ಅಕ್ಷರ ಬಂದಾಗ ಮಗು ಶಿಕ್ಷಕರ ಪಕ್ಕದಲ್ಲೇ ಕೂರಬೇಕು. ಅಭ್ಯಾಸಕ್ಕೆ ಬಂದಾಗ ಗೆಳೆಯರ ಜೊತೆ. ಚೆನ್ನಾಗಿ ಬಂದ ಮೇಲೆ ಒಂಟಿಯಾಗಿ. ವಿವರಣೆ ಶಿಕ್ಷಕರದು, ವೇಗ ಮಗುವಿನದು ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಕಾಗದದ ಮೇಲೆ ಸೊಗಸಾಗಿ ಕೂತಿದೆ. ಕೆಡುವುದು ಎಲ್ಲೆಂದರೆ, ಶಿಕ್ಷಕರು ಮೊದಲ ತಟ್ಟೆಯ ಬಳಿ ಕೂರದೆ ದಾಖಲೆ ತುಂಬುವುದರಲ್ಲಿ ಮುಳುಗಿದಾಗ. ಆಗ ಹೊಸ ಅಕ್ಷರದ ಕಾರ್ಡು ಹಿಡಿದ ಮಗು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಡುತ್ತದೆ. ಪಾಲಕರು ಕಿಟಕಿಯಿಂದ ನೋಡುವುದು ಆ ಹೊತ್ತನ್ನೇ.

ನಮ್ಮ ಭಾಗಕ್ಕೆ ಈ ಏಣಿ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಬೆಂಗಳೂರಿನಲ್ಲಿ ಕೂತವರಿಗಿಂತ ನಾವು ಚೆನ್ನಾಗಿ ಬಲ್ಲೆವು. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ದೇವದುರ್ಗದ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಗೋವಾ, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಹತ್ತಿ ಬಿಡಿಸುವ ಹೊತ್ತಿಗೆ, ಮೆಣಸಿನಕಾಯಿ ಹರಿಯುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಏರುತ್ತದೆ. ದೊಡ್ಡ ಹುಡುಗಿಯರು ತಮ್ಮ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಮಗು ತಿರುಗಿ ಬಂದಾಗ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರುತ್ತದೆ. ಅದು ನ್ಯಾಯವಾದ ನಿಯಮ. ಆದರೆ ಇಡೀ ತರಗತಿಗೆ ಒಂದೇ ಪಾಠ ನಡೆಯುತ್ತಿದ್ದರೆ, ಭಾಗಾಕಾರ ಮುಗಿದು ಭಿನ್ನರಾಶಿ ಶುರುವಾಗಿರುತ್ತದೆ. ಮಗು ಭಿನ್ನರಾಶಿಯನ್ನು ನೋಡುತ್ತ ಕೂರುತ್ತದೆ, ಮುಂದಿನ ವಾರ ಶಾಲೆಗೆ ಬರುವುದನ್ನು ತಪ್ಪಿಸುತ್ತದೆ. ಏಣಿ ಇದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನಾಲ್ಕನೇ ತರಗತಿಯಿಂದ ಮೇಲೆ ಇಂಥ ಏಣಿ ಇಲ್ಲದಿರುವುದು ನಮ್ಮ ಮಕ್ಕಳಿಗೆ ಆಗಿರುವ ದೊಡ್ಡ ನಷ್ಟ ಎಂದು ನಾನು ನಂಬಿದ್ದೇನೆ. ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡಿಸುವ ಜೂನ್ ತಿಂಗಳ ಸೇತುಬಂಧ ಮಾತ್ರ ಸಾಲದು, ಗುಳೆಯಿಂದ ಮಕ್ಕಳು ಬರುವ ತಿಂಗಳಲ್ಲೂ ಒಂದು ಸೇತುಬಂಧ ಬೇಕು.

ಗುಂಪು ಚಟುವಟಿಕೆ ಕೆಡುವುದು ಹೇಗೆ

ಏಳನೇ ತರಗತಿಯ ಯಾವುದೇ ಗುಂಪನ್ನು ಹತ್ತು ನಿಮಿಷ ಪಕ್ಕದಲ್ಲೇ ಕೂತು ನೋಡಿ. ಆರು ಮಕ್ಕಳು, ಒಂದು ಚಾರ್ಟು. ಒಬ್ಬಳು ಬರೆಯುತ್ತಾಳೆ, ಒಬ್ಬ ಹೇಳುತ್ತಾನೆ, ಒಬ್ಬ ಸ್ಕೇಲು ಹಿಡಿದಿರುತ್ತಾನೆ, ಉಳಿದ ಮೂವರು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿರುತ್ತಾರೆ. ಕೊನೆಗೆ ಗೋಡೆಗೆ ಅಂಟಿಸಿದ ಚಾರ್ಟು ಚೆಂದವಾಗಿರುತ್ತದೆ, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಬಂದು ಮೆಚ್ಚುತ್ತಾರೆ. ಆದರೆ ಆ ಮೂವರು ಕಲಿತದ್ದೇನು? ಗುಂಪನ್ನು ನಾಲ್ಕಕ್ಕೆ ಇಳಿಸಿ, ಪ್ರತಿ ಮಗುವಿಗೂ ತನ್ನದೇ ಒಂದು ತುಂಡು ಕೆಲಸ ಕೊಟ್ಟು, ಉತ್ತರ ಹೇಳಬೇಕಾದವರನ್ನು ಕೊನೆಯಲ್ಲಿ ಶಿಕ್ಷಕರೇ ಹೆಸರು ಹಿಡಿದು ಕರೆದರೆ ಚಿತ್ರ ಬದಲಾಗುತ್ತದೆ. ಯಾರನ್ನು ಕರೆಯುತ್ತಾರೋ ಗೊತ್ತಿಲ್ಲದಿದ್ದಾಗ ಬಲ್ಲ ಮಗು ಬಾರದ ಮಗುವಿಗೆ ಕಲಿಸಲು ಶುರುಮಾಡುತ್ತದೆ.

ಶಿಕ್ಷಕರ ಪಾಠ ಕೆಡುವುದು ಇನ್ನೂ ಸದ್ದಿಲ್ಲದೆ. "ಅರ್ಥವಾಯಿತೇ?" ಎಂದರೆ ಇಡೀ ತರಗತಿ ಒಕ್ಕೊರಲಿನಿಂದ "ಹೌದು" ಎನ್ನುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ. ಎಲ್ಲರ ಪಾಟಿಯಲ್ಲೂ ಉತ್ತರ ಬರೆಸಿ ಒಟ್ಟಿಗೆ ಮೇಲೆತ್ತಿಸಿದರೆ ಅರೆಕ್ಷಣದಲ್ಲಿ ನಿಜ ಗೊತ್ತಾಗುತ್ತದೆ. ಇದಕ್ಕೆ ಸ್ಮಾರ್ಟ್ ಕ್ಲಾಸ್ ಬೇಡ.

ಗವಿಮಠದ ಬಂಡೆಯ ಮುಂದೆ

ಮಕ್ಕಳೇ ನಡೆಸುವ ಕಲಿಕೆಗೆ ನಮ್ಮ ಜಿಲ್ಲೆಗಳಲ್ಲಿ ಇರುವಷ್ಟು ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ರಾಯಚೂರು ಜಿಲ್ಲೆಯ ಮಸ್ಕಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಇವೆಲ್ಲ ಅಶೋಕನ ಶಾಸನಗಳಿರುವ ಸ್ಥಳಗಳು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಬೇರೆಡೆಯ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದು ಕರೆದಿರುವ ರಾಜ ಅಶೋಕನೇ ಎಂದು ಗಟ್ಟಿಯಾಗಲು ಅದು ನೆರವಾಯಿತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆ ಬೇರೆಯೇ ಇವೆ.

ಏನೂ ಹೇಳದೆ ಮಕ್ಕಳನ್ನು ಶಾಸನದ ಮುಂದೆ ನಿಲ್ಲಿಸಿದರೆ ಅವರಿಗೆ ಕಾಣುವುದು ಸವೆದ ಗೀರುಗಳು. ಎರಡು ನಿಮಿಷ ನೋಡಿ ಬಂಡೆ ಹತ್ತಲು ಓಡುತ್ತಾರೆ. ಬದಲಿಗೆ ಹೋಗುವ ಮುನ್ನ ತರಗತಿಯಲ್ಲಿ ಶಾಸನದ ಲಿಪಿಯಾದ ಬ್ರಾಹ್ಮಿಯ ಕೆಲವು ಅಕ್ಷರಗಳನ್ನು ನೇರವಾಗಿ ಕಲಿಸಿ. 'ಕ' ಕೂಡಿಸುವ ಚಿಹ್ನೆಯಂತೆ ಇರುತ್ತದೆ, 'ಗ' ಗುಡಿಸಲಿನ ಮಾಡಿನಂತೆ, 'ಠ' ಬರೀ ಒಂದು ವೃತ್ತ. ನೋಟುಬುಕ್ಕಿನಲ್ಲಿ ಬರೆಸಿ, ತಮ್ಮ ಹೆಸರಿನ ಅಕ್ಷರಗಳನ್ನು ಹುಡುಕಲು ಹೇಳಿ. ಹೀಗೆ ಸಿದ್ಧವಾಗಿ ಹೋದ ಮಕ್ಕಳು ಬಂಡೆಯ ಮುಂದೆ ಅಕ್ಷರ ಹುಡುಕುತ್ತ ನಿಲ್ಲುತ್ತಾರೆ. ಪ್ರಶ್ನೆಗಳು ಆಗ ಹುಟ್ಟುತ್ತವೆ: ಇಷ್ಟು ದೂರದ ರಾಜ ಇಲ್ಲೇಕೆ ಬರೆಸಿದ? ಆಗ ಇಲ್ಲಿ ಇದನ್ನು ಓದಬಲ್ಲವರು ಯಾರಿದ್ದರು? ಅಲ್ಲಿಂದ ಮುಂದೆ ಶಿಕ್ಷಕರು ಹಿಂದೆ ಸರಿದು ನಿಲ್ಲಬೇಕು, ಪ್ರಶ್ನೆಗೆಲ್ಲ ಕೂಡಲೇ ಉತ್ತರ ಕೊಟ್ಟು ಮುಗಿಸಬಾರದು. (ಅಕ್ಷರ ಎದ್ದು ಕಾಣಲಿ ಎಂದು ಶಾಸನದ ಮೇಲೆ ಸೀಮೆಸುಣ್ಣ ಉಜ್ಜಲು ಯಾರನ್ನೂ ಬಿಡಬೇಡಿ.)

ಪರಿಸರ ಅಧ್ಯಯನ, ಇತಿಹಾಸ, ವಿಜ್ಞಾನದ ಬಹಳಷ್ಟು ಪಾಠಗಳಿಗೆ ಇದೇ ಕ್ರಮ ಸರಿ. ಓದು, ಬರಹ, ಮಗ್ಗಿ, ಒತ್ತಕ್ಷರಗಳಲ್ಲಿ ಶಿಕ್ಷಕರ ಪಾಲು ದೊಡ್ಡದು ಮತ್ತು ಹೆಚ್ಚು ದಿನದ್ದು.

ಮನೆಮಾತಿನ ವಿಷಯದಲ್ಲಿ ಮಾತ್ರ ಚಿಕ್ಕ ತರಗತಿಯಲ್ಲೂ ಮಕ್ಕಳಿಗೇ ಮೊದಲ ಅವಕಾಶ ಕೊಡಬೇಕು. ತಾಂಡಾದಿಂದ ಬಂದ ಲಂಬಾಣಿ ಮಾತಿನ ಮಗು, ಬಳ್ಳಾರಿ ಮತ್ತು ರಾಯಚೂರಿನ ಗಡಿ ಊರುಗಳ ತೆಲುಗು ಮಾತಿನ ಮಗು, ಉರ್ದು ಮಾತಿನ ಮಗು ಒಂದನೇ ತರಗತಿಯಲ್ಲಿ ಬರೀ ಶಿಕ್ಷಕರ ಕನ್ನಡವನ್ನು ಕೇಳುತ್ತ ಕೂತರೆ ಮಾತೇ ನಿಂತುಹೋಗುತ್ತದೆ. ಎರಡೂ ಭಾಷೆ ಬಲ್ಲ ಇನ್ನೊಂದು ಮಗುವಿನ ಪಕ್ಕದಲ್ಲಿ ಕೂರಿಸಿದರೆ ತಿಂಗಳುಗಳಲ್ಲಿ ಆಗದ್ದು ವಾರಗಳಲ್ಲಿ ಆಗುತ್ತದೆ.

ಎಸ್ಸೆಸ್ಸೆಲ್ಸಿ ವರ್ಷ

ಹತ್ತನೇ ತರಗತಿಯಲ್ಲಿ ಆಯ್ಕೆಗೆ ಜಾಗವೇ ಇಲ್ಲ ಎಂದು ಹಲವರು ಭಾವಿಸುತ್ತಾರೆ. ಪಠ್ಯ ಮುಗಿಸಬೇಕು, ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಆಯ್ದ ಪಾಠಗಳು). ಇಲ್ಲಿ ಪಾಠವನ್ನು ಶಿಕ್ಷಕರೇ ನಡೆಸುವುದು ಅನಿವಾರ್ಯ ಹೌದು. ಪುನರಾವರ್ತನೆಯನ್ನೂ ಅವರೇ ನಡೆಸಬೇಕಿಲ್ಲ. ಹಲಗೆಯ ಮೇಲಿನ ಉತ್ತರವನ್ನು ಐದನೇ ಸಲ ನಕಲು ಮಾಡುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು, ಗೆಳೆಯರ ಜೊತೆ ಅದಲುಬದಲು ಮಾಡಿ ತಿದ್ದಿಕೊಳ್ಳುವುದು ಹೆಚ್ಚು ಉಳಿಯುತ್ತದೆ. ಸಂಜೆಯ ಗುಂಪು ಅಧ್ಯಯನವನ್ನು ಹೀಗೆ ಬಳಸಿ.

ಶಾಲೆ ಹುಡುಕುವ ಪಾಲಕರಿಗೆ

ತಾಲ್ಲೂಕು ಊರಿನ ಖಾಸಗಿ ಶಾಲೆಗಳ ಫಲಕಗಳಲ್ಲಿ "ಚಟುವಟಿಕೆ ಆಧಾರಿತ ಕಲಿಕೆ" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಫಲಕ ನೋಡಿ ನಿರ್ಧರಿಸಬೇಡಿ. ಒಂದೇ ತರಗತಿಯ ನಾಲ್ಕಾರು ಮಕ್ಕಳ ನೋಟುಬುಕ್ ತೆರೆದು ನೋಡಿ. ಎಲ್ಲರ ಉತ್ತರವೂ ಅಕ್ಷರ ಬಿಡದೆ ಒಂದೇ ಆಗಿದ್ದು, ಎಲ್ಲದಕ್ಕೂ ಕೆಂಪು ಗುರುತು ಬಿದ್ದಿದ್ದರೆ ಅಲ್ಲಿ ನಡೆಯುತ್ತಿರುವುದು ನಕಲು. ತಪ್ಪುಗಳು, ಅವಕ್ಕೆ ಶಿಕ್ಷಕರು ಬರೆದ ಎರಡು ಸಾಲು ತಿದ್ದುಪಡಿ, ಮಗು ಮತ್ತೆ ಬರೆದ ಉತ್ತರ ಕಂಡರೆ ಆ ಶಾಲೆಯನ್ನು ನಂಬಬಹುದು.

ಪ್ರಾಜೆಕ್ಟ್ ಕೆಲಸವನ್ನು ಎಲ್ಲಿ ಮಾಡಿಸುತ್ತಾರೆ ಎಂದೂ ಕೇಳಿ. ಮನೆಗೆ ಕೊಟ್ಟು ಕಳಿಸುವ ಪ್ರಾಜೆಕ್ಟ್ ಎಂದರೆ ಪಾಲಕರ ಪರೀಕ್ಷೆ. ಓದಿದ ಅಪ್ಪ ಅಮ್ಮ ಇರುವ ಮನೆಯ ಮಗು ಥರ್ಮಾಕೋಲಿನ ಅಣೆಕಟ್ಟು ತರುತ್ತದೆ. ಹೊಲದಿಂದ ಕತ್ತಲಾದ ಮೇಲೆ ಬರುವ ಅವ್ವನ ಮಗು ಅಂಗಡಿಯಲ್ಲಿ ಸಿಗುವ ಚಿತ್ರದ ಹಾಳೆ ಅಂಟಿಸಿ ತರುತ್ತದೆ, ಅಥವಾ ಆ ದಿನ ಶಾಲೆಗೇ ಬರುವುದಿಲ್ಲ. ಮಕ್ಕಳ ಕಲಿಕೆ ಎಂಬ ಹೆಸರಿನಲ್ಲಿ ಇದು ನಡೆಯುವುದು ನನಗೆ ಬಹಳ ನೋವು ಕೊಡುತ್ತದೆ. ಶಾಲೆಯ ಅವಧಿಯಲ್ಲಿ, ಶಾಲೆಯ ಸಾಮಗ್ರಿಯಿಂದ ಮಾಡಿಸುವ ಪ್ರಾಜೆಕ್ಟನ್ನು ಮಾತ್ರ ಒಪ್ಪಿಕೊಳ್ಳಿ.

ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ

ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ 30 ಮಕ್ಕಳಿಗೊಬ್ಬ ಶಿಕ್ಷಕರು ಎನ್ನುತ್ತದೆ. ಲೆಕ್ಕ ಸರಿಹೋದ ಶಾಲೆಯಲ್ಲೂ ಇಬ್ಬರು ಶಿಕ್ಷಕರು, ಐದು ತರಗತಿಗಳು ಇರಬಹುದು. ಅಲ್ಲಿ ಶಿಕ್ಷಕರ ಪಾಠವೋ ಮಕ್ಕಳ ಕಲಿಕೆಯೋ ಎಂಬುದು ಗಡಿಯಾರದ ಲೆಕ್ಕ. ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೆ ಕೂತಿದ್ದರೆ, ನಾಲ್ಕನೆಯವರಿಗೆ ಹೊಸ ಪಾಠ ಹೇಳುವ ಇಪ್ಪತ್ತು ನಿಮಿಷ ಐದನೆಯವರು ನಿನ್ನೆ ಕಲಿತದ್ದನ್ನು ಜೋಡಿಯಾಗಿ ಅಭ್ಯಾಸ ಮಾಡಲಿ, ನಂತರ ಅದಲುಬದಲು. ಒಂದೇ ಹೊತ್ತಿನಲ್ಲಿ ಎರಡೂ ತರಗತಿಗೆ ಹೊಸ ಪಾಠ ಇಟ್ಟುಕೊಳ್ಳಬೇಡಿ. ಮೊದಲ ಇಪ್ಪತ್ತು ನಿಮಿಷ ಯಾರ ಪಕ್ಕದಲ್ಲಿ ಕೂರಬೇಕು, ಯಾವ ಮಗುವಿನ ಪಾಟಿ ಮೊದಲು ನೋಡಬೇಕು ಎಂಬುದನ್ನು ಹಿಂದಿನ ಸಂಜೆಯೇ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಹಾಲು, ಬಿಸಿಯೂಟದ ಅಕ್ಕಿ, ಹಾಜರಿಯ ಆನ್‌ಲೈನ್ ದಾಖಲೆಗಳ ನಡುವೆ ಅದನ್ನು ಯೋಚಿಸಲು ಸಮಯ ಸಿಗುವುದಿಲ್ಲ.